ಮೂನ್ ಪ್ಯಾಟ್ರೋಲ್: ಚಂದ್ರನ ಮೇಲೆ ಬಂಡಿ ಸವಾರಿ

1982ರಲ್ಲಿ ಜಪಾನಿನ ಐರೆಮ್ ಕಂಪನಿ ತಂದ ವಿಡಿಯೋ ಆಟ ಇದು. ಮರುವರ್ಷ ಅಟಾರಿ 2600 ಮೂಲಕ ಮನೆಯ ಟೀವಿಗೂ ಬಂತು. ಆರ್ಕೇಡ್ ಯಂತ್ರದಲ್ಲಿ ಒಂದೇ ಬಟನ್ ಒತ್ತಿದರೆ ಆರು ಗಾಲಿಯ ಬಂಡಿ ಮುಂದಕ್ಕೂ ಮೇಲಕ್ಕೂ ಒಟ್ಟಿಗೇ ಗುಂಡು ಹಾರಿಸುತ್ತದೆ. ಬಂಡೆ ಎದುರಾದರೆ ಒಡೆಯಬೇಕು, ಇಲ್ಲವೇ ಜಿಗಿಯಬೇಕು. ತಗ್ಗು ಬಂದರೆ ಜಿಗಿಯುವುದೊಂದೇ ದಾರಿ. ಮೇಲೆ ಹಾರುವ ತಟ್ಟೆಗಳು ಬಾಂಬು ಹಾಕಿ ಹೊಸ ತಗ್ಗು ತೋಡುವುದೂ ಉಂಟು!

ನಿಜವಾದ ಸೊಗಸು ಇರುವುದು ಹಿನ್ನೆಲೆಯಲ್ಲಿ. ಮುಂದಿನ ನೆಲ ಸರ್ರನೆ ಸರಿದರೆ ಹಿಂದಿನ ಗುಡ್ಡ ನಿಧಾನ, ಅದರಾಚೆಯ ಬೆಟ್ಟ ಇನ್ನೂ ನಿಧಾನ. ಚಪ್ಪಟೆ ಪರದೆಗೆ ಆಳ ಬಂದದ್ದು ಹೀಗೆ. ಸಾಣಾಪುರದಿಂದ ಆನೆಗೊಂದಿಗೆ ಬೈಕಿನಲ್ಲಿ ಹೋಗುವಾಗಲೂ ಇದನ್ನೇ ಗಮನಿಸಿ: ರಸ್ತೆಬದಿಯ ಬಂಡೆಗಳು ಹಿಂದಕ್ಕೆ ಓಡುತ್ತವೆ, ಭತ್ತದ ಗದ್ದೆಯಾಚೆಯ ಬೆಟ್ಟಸಾಲು ಮಾತ್ರ ಬಹಳ ಹೊತ್ತು ಜೊತೆಗೇ ಬರುತ್ತದೆ.