ಮಗ್ಗದ ಮನೆಗೆ ಬಾರದ ಮೀಟರು

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು, ಮೂರು ವರ್ಷದ ಮೇಲೆ ನಗರದ ಸರದಿ ಬಂತು. ಅದೇ 1905ರಲ್ಲಿ ಮುಂಬೈಯ ಗಿರಣಿ ಕಾರ್ಮಿಕರು ವಿದ್ಯುತ್ ದೀಪದ ಮೇಲೆಯೇ ಸಿಟ್ಟಾಗಿದ್ದರು ಎನ್ನುವುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅಲ್ಲಿಯವರೆಗೆ ಹೊತ್ತು ಮುಳುಗಿದರೆ ಗಿರಣಿ ನಿಲ್ಲುತ್ತಿತ್ತು. ದೀಪ ಬಂದದ್ದೇ ತಡ, ದುಡಿತ ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆಗೆ ಏರಿತು. ಗಲಾಟೆಯಾಯಿತು, ಸಮಿತಿ ಕೂತಿತು, ಆಯೋಗ ಬಂತು. ಕೊನೆಗೆ 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳುಗಳಿಗೆ ಹನ್ನೆರಡು ಗಂಟೆಯ ಮಿತಿ ಹಾಕಿತು. ನಮ್ಮ ಕಾರ್ಖಾನೆಗಳಲ್ಲಿ ಬೆಳಕಿನ ಬಗ್ಗೆ ಎದ್ದ ಮೊದಲ ದೊಡ್ಡ ತಕರಾರು ‘ಎಷ್ಟಿದೆ’ ಎನ್ನುವುದಲ್ಲ, ‘ಎಷ್ಟು ಹೊತ್ತಿನವರೆಗೆ’ ಎನ್ನುವುದು.

‘ಎಷ್ಟಿದೆ’ ಎಂಬ ಪ್ರಶ್ನೆ ಬಂದದ್ದು ಇಂಗ್ಲೆಂಡಿನ ರೇಷ್ಮೆ ನೇಯ್ಗೆಯ ಶೆಡ್ಡುಗಳಿಂದ. ಚಳಿಗಾಲದಲ್ಲಿ ದೀಪ ಹಚ್ಚಿ ನೇಯ್ದ ಹೊತ್ತಿನಲ್ಲಿ ಬಟ್ಟೆ ಕಡಿಮೆ ಇಳಿಯುತ್ತದೆ ಎಂದು 1920ರ ಒಂದು ಸರ್ಕಾರಿ ವರದಿ ಲೆಕ್ಕಹಾಕಿ ತೋರಿಸಿತು. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗ ಇದಕ್ಕೆ ಉಲ್ಟಾ ಹೊಡೆಯಿತು. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ತಗ್ಗಿಸಿದರೂ ಏರಿತು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದೇ ಕೆಲಸಗಾರರಿಗೆ ಹುರುಪು ಕೊಟ್ಟಿತೆಂದು ಮ್ಯಾನೇಜ್‌ಮೆಂಟ್ ಪುಸ್ತಕಗಳು ಇಂದಿಗೂ ಪಾಠ ಹೇಳುತ್ತವೆ. ಆ ಪಾಠ ಕೇಳಿ ಬಂದ ಮಾಲೀಕರಿಗೆ ಬಲ್ಬು ಉಳಿಸಲು ಅದೊಂದು ನೆವವೂ ಆಯಿತು ಅನ್ನಿ.

ಅಳತೆ ಕಾನೂನಾಗಿದ್ದು ಯುದ್ಧಕಾಲದಲ್ಲಿ. ಬಾಂಬಿನ ಭಯಕ್ಕೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಹಗಲಿರುಳು ನಡೆಯುತ್ತಿದ್ದ ಬ್ರಿಟನ್ನಿನ ಕಾರ್ಖಾನೆಗಳಿಗೆ 1941ರಲ್ಲಿ ಒಂದು ನಿಯಮ ಬಂತು: ನೆಲದಿಂದ ಮೂರು ಅಡಿ ಎತ್ತರದಲ್ಲಿ ಕನಿಷ್ಠ ಆರು ಫುಟ್-ಕ್ಯಾಂಡಲ್ ಬೆಳಕಿರಬೇಕು. ಒಂದು ಫುಟ್-ಕ್ಯಾಂಡಲ್ ಎಂದರೆ ಸುಮಾರು 10.76 ಲಕ್ಸ್. ಆರರಿಂದ ಗುಣಿಸಿದರೆ 65ರ ಹತ್ತಿರ. ನಮ್ಮ ಕೇಂದ್ರದ ಮಾದರಿ ಕಾರ್ಖಾನೆ ನಿಯಮಗಳಲ್ಲಿ ‘ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿ 65 ಲಕ್ಸ್’ ಎಂದಿರುವುದು ಇದೇ ಲೆಕ್ಕ. ಬ್ಲ್ಯಾಕೌಟಿನ ಬ್ರಿಟನ್ನಿಗೆ ಹೊಲಿದ ಅಂಗಿಯನ್ನು ಬಿಸಿಲಿನ ನಾಡು ತೊಟ್ಟುಕೊಂಡಿತು. 1948ರ ಕಾರ್ಖಾನೆ ಕಾಯ್ದೆಯ 17ನೇ ಕಲಮು ಮಾತ್ರ ಅಂಕಿಗಳ ಗೊಡವೆಗೆ ಹೋಗದೆ ಹೆಚ್ಚು ವಿವೇಕದ ಮಾತಾಡಿತ್ತು: ಬೆಳಕು ಸಾಕಷ್ಟಿರಲಿ, ಕೆಲಸಕ್ಕೆ ತಕ್ಕಂತಿರಲಿ, ಕಿಟಕಿ, ಚಾವಣಿಯ ಗಾಜು ಎರಡೂ ಬದಿ ಶುಚಿಯಾಗಿರಲಿ, ಕಣ್ಣು ಕುಕ್ಕುವ ಹೊಳಪೂ ಬೇಡ, ಕಣ್ಣಿಗೆ ಆಯಾಸ ತರುವ ನೆರಳೂ ಬೇಡ.

ಗಾಜು ಒರೆಸಿ ಎಂದು ಕಾಯ್ದೆಯೇ ಯಾಕೆ ಹೇಳಬೇಕು ಎಂದು ನಗಬೇಡಿ. ಹಳೆಯ ಗಿರಣಿಗಳ ಚಾವಣಿ ಗರಗಸದ ಹಲ್ಲಿನಂತೆ ಇರುತ್ತಿತ್ತು. ಗಾಜಿನ ಮುಖವೆಲ್ಲ ಉತ್ತರಕ್ಕೆ. ಬಿಸಿಲು ನೇರ ಬೀಳದೆ ಹಗಲೆಲ್ಲ ಒಂದೇ ಸಮನಾದ ಬೆಳಕು ಬರಲಿ ಎಂದು ಮಾಡಿದ ಉಪಾಯ. ಆದರೆ ನೂಲುವ ಖಾತೆಯಲ್ಲಿ ಹಾರುವ ಹತ್ತಿಯ ಧೂಳು ಗಾಜನ್ನೂ ಬಲ್ಬನ್ನೂ ಬಿಡುವುದಿಲ್ಲ. ಹೊಸದಾಗಿದ್ದಾಗ ಸಿಕ್ಕ ಬೆಳಕು ತಿಂಗಳುಗಳಲ್ಲಿ ಕುಗ್ಗಿ ಹೋಗುತ್ತದೆ.

ಬೆಂಗಳೂರಿಗೆ ಅಂಥ ಗಿರಣಿಗಳ ಪರಿಚಯ ಚೆನ್ನಾಗಿತ್ತು. ಚಾಮರಾಜಪೇಟೆ, ಕಾಟನ್‌ಪೇಟೆಗಳ ಆಚೆ 1884ರಲ್ಲಿ ಹುಟ್ಟಿದ ಬಿನ್ನಿ ಮಿಲ್, ಮಾಗಡಿ ರಸ್ತೆ ಕಡೆ ಮಿನರ್ವ, ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಗೆ ರಾಜಾ ಮಿಲ್. ಮಲ್ಲೇಶ್ವರದ ಪಶ್ಚಿಮಕ್ಕೆ, ಹಳೇ ತುಮಕೂರು ರಸ್ತೆಯಲ್ಲಿ, 1936ರಲ್ಲಿ ಮೈಸೂರು ಲ್ಯಾಂಪ್ಸ್ ಶುರುವಾಯಿತು. ಬೆಳಕನ್ನೇ ತಯಾರಿಸುವ ಕಾರ್ಖಾನೆ.

ಬೆಳಕಿನ ಲೆಕ್ಕ ಬರಿಯ ಲಕ್ಸಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಬಸವನಗುಡಿಯಲ್ಲೇ ಒಂದು ಸಾಕ್ಷಿ ಇತ್ತು. ಇಂದು ಬಡಾವಣೆಯ ಹೆಸರಾಗಿ ಉಳಿದಿರುವ ಟಾಟಾ ಸಿಲ್ಕ್ ಫಾರ್ಮ್, ಹತ್ತೊಂಬತ್ತನೇ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಜಪಾನಿನ ಪದ್ಧತಿ ತರಿಸಿ ನಡೆಸಿದ ರೇಷ್ಮೆ ಕೇಂದ್ರ. ನೂಲು ಬಿಚ್ಚುವ ಕೆಲಸವನ್ನು ನೋಡಿದವರಿಗೆ ಗೊತ್ತು: ಬಿಸಿನೀರಿನ ಬಾಣಲೆಯಲ್ಲಿ ತೇಲುವ ಗೂಡುಗಳ ಎಳೆಯ ತುದಿ ಹಿಡಿಯಬೇಕು, ಬಿಳಿ ಆವಿಯ ನಡುವೆ, ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾದ ಎಳೆ. ಎದುರಿನಿಂದ ಬೆಳಕು ಬಿದ್ದರೆ ನೀರು ಹೊಳೆದು ಎಳೆ ಮಾಯ. ಪಕ್ಕದಿಂದ ಬಿದ್ದರೆ ಅದಕ್ಕಿಂತ ಕಡಿಮೆ ಬೆಳಕೂ ಸಾಕಾಗುತ್ತದೆ. ಮೀಟರು ಎರಡಕ್ಕೂ ಅಂಕಿ ಕೊಡುತ್ತದೆ, ಎಳೆ ಕಂಡಿತೋ ಇಲ್ಲವೋ ಹೇಳುವುದಿಲ್ಲ. ಚಾಮರಾಜಪೇಟೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುತ್ತಿದ್ದವರ ಕಷ್ಟವೂ ಇದೇ ಜಾತಿಯದು. ಸೀಸದ ಮೊಳೆಯ ಮೇಲೆ ಅಕ್ಷರ ಉಲ್ಟಾ, ಮೊಳೆಯೂ ಬೂದು, ಅಕ್ಷರವೂ ಬೂದು; ಮೇಲಿಂದ ತೂಗುವ ಬುರುಡೆ ದೀಪಕ್ಕೆ ಒತ್ತಕ್ಷರದ ಮೊಳೆ ಮಿಂಚುತ್ತಿತ್ತೇ ಹೊರತು ಕಾಣುತ್ತಿರಲಿಲ್ಲ.

ಭಾರತೀಯ ಮಾನಕ ಸಂಸ್ಥೆಯ ಕೈಗಾರಿಕಾ ದೀಪವ್ಯವಸ್ಥೆಯ ಸಂಹಿತೆ (ಐಎಸ್ 6665) 1972ರಲ್ಲಿ ಬಂತು. ಒಳಾಂಗಣ ಬೆಳಕಿನ ಐಎಸ್ 3646 ಅನ್ನು 1992ರಲ್ಲಿ ಪರಿಷ್ಕರಿಸಿದಾಗ ಒಂದೊಂದು ಕೆಲಸಕ್ಕೆ ಒಂದೇ ಅಂಕಿಯ ಬದಲು ಮೂರು ಅಂಕಿ ಕೊಟ್ಟರು. ನಡುವಿನದು ಮಾಮೂಲಿಗೆ, ತಪ್ಪಾದರೆ ನಷ್ಟ ದೊಡ್ಡದಿದ್ದರೆ, ಇಲ್ಲವೇ ಕೆಲಸಗಾರರ ದೃಷ್ಟಿ ಮಂದವಾಗಿದ್ದರೆ ಮೇಲಿನದು. ಇದು ಒಳ್ಳೆಯ ಬದಲಾವಣೆ. ಅಳೆಯುವ ವಿಧಾನವೂ ಸರಳ. ನಾಲ್ಕು ಮೀಟರ್ ಅಗಲ, ಆರು ಮೀಟರ್ ಉದ್ದದ ಕೋಣೆಯಲ್ಲಿ ಕೆಲಸದ ಮಟ್ಟದಿಂದ ಎರಡೂವರೆ ಮೀಟರ್ ಮೇಲೆ ದೀಪವಿದ್ದರೆ ನಾಲ್ಕು ಕಡೆ ಅಳೆದು ಸರಾಸರಿ ತೆಗೆದರೂ ನಡೆಯುತ್ತದೆ. ಅಳೆಯುವವನ ನೆರಳು ಮೀಟರಿನ ಮೇಲೆ ಬೀಳಬಾರದು, ಹಗಲಿನ ಬೆಳಕನ್ನು ಬೇರೆಯಾಗಿ ಲೆಕ್ಕಹಾಕಬೇಕು. ತಿರುಗುವ ಯಂತ್ರದ ಬಳಿ ಇನ್ನೊಂದನ್ನು ನೋಡಬೇಕು. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಚಕ್ರದ ವೇಗ ಅದಕ್ಕೆ ಹೊಂದಿಕೊಂಡರೆ ಓಡುವ ಚಕ್ರ ನಿಂತಂತೆ ಕಾಣುತ್ತದೆ. ಅಂಥ ಕಡೆ ಕೈ ಇಟ್ಟವರು ಬೆರಳು ಕಳೆದುಕೊಳ್ಳುತ್ತಾರೆ.

ಕಾರ್ಖಾನೆಯಲ್ಲಿ ಬೆಳಕಿನಂತೆಯೇ ಅಳೆಯಬೇಕಾದ ಸದ್ದಿನ ಕಥೆ ಇನ್ನೂ ಹಳೆಯದು. ತಾಮ್ರದ ಪಾತ್ರೆ ಬಡಿಯುವವರು ಕಿವುಡಾಗುತ್ತಾರೆಂದು ಇಟಲಿಯ ವೈದ್ಯ ರಾಮಾಝಿನಿ 1713ರಲ್ಲೇ ಬರೆದಿಟ್ಟಿದ್ದ. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿಯ ಹತ್ತಿರ ಗಡಿಯಾರ ಹಿಡಿದು ಪರೀಕ್ಷಿಸಿದ. ಒಬ್ಬನ ಕಿವಿಯೂ ಸರಿಯಿರಲಿಲ್ಲ. ಅಳತೆಗೆ ಗಟ್ಟಿ ಬುನಾದಿ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ಡೆಸಿಬಲ್ ಬಂದದ್ದು ಟೆಲಿಫೋನ್ ಕಂಪನಿಯ ಪ್ರಯೋಗಾಲಯದಿಂದ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ನಮ್ಮ ಕಿವಿ ಯಾವ ಸ್ವರವನ್ನು ಎಷ್ಟು ಜೋರಾಗಿ ಕೇಳಿಸಿಕೊಳ್ಳುತ್ತದೆ ಎಂಬ ನಕ್ಷೆ ಮಾಡಿದರು, ಸದ್ದಿನ ಮೀಟರು ಕಿವಿಯಂತೆಯೇ ಅಳೆಯಲೆಂದು ಬಳಸುವ ‘ಎ’ ತೂಕ ಅದರಿಂದ ಹುಟ್ಟಿತು. ಅದೇ ದಶಕದಲ್ಲಿ ಬ್ರಿಟನ್ನಿನ ವೆಸ್ಟನ್ ಮತ್ತು ಆಡಮ್ಸ್ ನೇಕಾರರಿಗೆ ಒಂದು ವಾರ ಕಿವಿಮುಚ್ಚುಗ ಹಾಕಿಸಿ, ಇನ್ನೊಂದು ವಾರ ತೆಗೆಸಿ ನೋಡಿದರು. ಮುಚ್ಚಿದ ವಾರ ನೇಯ್ಗೆ ತುಸು ಹೆಚ್ಚಿತು.

ಬೆಂಗಳೂರಿಗೆ ಈ ಶಾಸ್ತ್ರ ಹೊಸದೇನಲ್ಲ. ಮೃದಂಗದ ನಾದದ ಬಗ್ಗೆ 1920ರಲ್ಲೇ ಬರೆದಿದ್ದ ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯಲ್ಲಿ ಮುಂದೆ ಬಿ.ಎಸ್. ರಾಮಕೃಷ್ಣ ಧ್ವನಿವಿಜ್ಞಾನವನ್ನು ಬೆಳೆಸಿದರು, ಎಂ.ಎಲ್. ಮುಂಜಾಲ್ ಸೈಲೆನ್ಸರುಗಳ ಶಾಸ್ತ್ರದಲ್ಲಿ ಜಗತ್ತು ಗುರುತಿಸುವ ಹೆಸರಾದರು. ಡೀಸೆಲ್ ಜನರೇಟರುಗಳ ಸದ್ದಿಗೆ 2002ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು: 2005ರ ಜನವರಿಯಿಂದ ತಯಾರಾಗುವ, ಸಾವಿರ ಕೆವಿಎವರೆಗಿನ ಯಂತ್ರ ತನ್ನ ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು. ಅವೆನ್ಯೂ ರಸ್ತೆಯಲ್ಲಿ ಕರೆಂಟು ಹೋದಾಗ ಏಳುತ್ತಿದ್ದ ಆರ್ಭಟ ನೆನಪಿರುವವರಿಗೆ ವ್ಯತ್ಯಾಸ ಗೊತ್ತು. ನನ್ನ ಮಟ್ಟಿಗೆ ಈ ದೇಶದಲ್ಲಿ ನಿಜವಾಗಿ ಕೆಲಸ ಮಾಡಿದ ಸದ್ದಿನ ಕಾನೂನು ಇದೊಂದೇ. ಅದು ಕೆಲಸಗಾರನಿಗೆ ಕಿವಿ ಮುಚ್ಚಿಕೋ ಎನ್ನಲಿಲ್ಲ, ಯಂತ್ರ ಮಾಡುವವನಿಗೆ ಬಾಯಿ ಮುಚ್ಚಿಸು ಎಂದಿತು.

ಕಾರ್ಖಾನೆಯ ಒಳಗಿನ ನಿಯಮ ಬೇರೆ ದಾರಿ ಹಿಡಿದಿದೆ. ಮಾದರಿ ನಿಯಮಗಳ ಪ್ರಕಾರ ಎಂಟು ಗಂಟೆಗೆ 90 ಡೆಸಿಬಲ್. ಐದು ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧ. 95ಕ್ಕೆ ನಾಲ್ಕು ಗಂಟೆ, 97ಕ್ಕೆ ಮೂರು, 115ಕ್ಕೆ ಕಾಲು ಗಂಟೆ. ಇದು ಅಮೆರಿಕದ 1970ರ ಸುಮಾರಿನ ಪಟ್ಟಿ. ಆದರೆ ಸದ್ದಿನ ಶಕ್ತಿ ದುಪ್ಪಟ್ಟಾಗುವುದು ಐದು ಡೆಸಿಬಲ್ಲಿಗಲ್ಲ, ಮೂರಕ್ಕೇ. 92 ಡೆಸಿಬಲ್ಲಿನ ಒಂದು ಮಗ್ಗದ ಪಕ್ಕ ಅಂಥದೇ ಇನ್ನೊಂದು ಇಟ್ಟರೆ 95, ನಾಲ್ಕಾದರೆ 98. ಆ ಲೆಕ್ಕ ಹಿಡಿದೇ ಅಮೆರಿಕದ ವೃತ್ತಿ ಆರೋಗ್ಯ ಸಂಶೋಧನಾ ಸಂಸ್ಥೆ 1998ರಲ್ಲಿ 85ರಿಂದ ಶುರುಮಾಡಿ ಮೂರು ಮೂರರಂತೆ ಅರ್ಧ ಮಾಡಿ ಎಂದಿತು. ಹಾಗೆ ಎಣಿಸಿದರೆ 97 ಡೆಸಿಬಲ್ಲಿನಲ್ಲಿ ಇರಬಹುದಾದದ್ದು ಅರ್ಧ ಗಂಟೆ. ನಮ್ಮ ನಿಯಮ ಕೊಡುವುದು ಮೂರು ಗಂಟೆ. ಒಂದೇ ಕಿವಿ, ಒಂದೇ ಮಗ್ಗ.

ಈ ಎಲ್ಲ ಅಳತೆ ಹುಟ್ಟಿದ್ದು, ಬೆಳೆದದ್ದು ದೊಡ್ಡ ಶೆಡ್ಡುಗಳಿಗಾಗಿ. ಶೆಡ್ಡುಗಳು ಹೋದವು. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ನಿಂತಿದೆ, ಬಿನ್ನಿಯ ನೆಲದಲ್ಲಿ ಅಪಾರ್ಟ್‌ಮೆಂಟು, ಮೈಸೂರು ಲ್ಯಾಂಪ್ಸ್ 2003ರಲ್ಲಿ ಬಾಗಿಲು ಹಾಕಿತು. ಪೇಟೆಯ ಒಳಗಿನ ಮಗ್ಗ ಮಾತ್ರ ಪೂರ್ತಿ ನಿಲ್ಲಲಿಲ್ಲ. ಕಬ್ಬನ್‌ಪೇಟೆಯ ಓಣಿಗಳಲ್ಲಿ ಮೊದಲು ಕೇಳಿಸುತ್ತದೆ, ಆಮೇಲೆ ಕಾಣಿಸುತ್ತದೆ. ಕೆಳಗೆ ಮನೆ, ಹಿಂದೆ ಅಥವಾ ಮೇಲೆ ಮೂರೋ ನಾಲ್ಕೋ ವಿದ್ಯುತ್ ಮಗ್ಗ, ಗೋಡೆಗೆ ಗೋಡೆ ಅಂಟಿದ್ದರಿಂದ ಕಿಟಕಿ ಇದ್ದರೂ ಬೆಳಕು ಬಾರದು. ಹೊಡೆಯುವ ಕೋಲು ಲಾಳಿಯನ್ನು ನಿಮಿಷಕ್ಕೆ ನೂರಕ್ಕೂ ಮೀರಿ ಆಚೆಯಿಂದ ಈಚೆಗೆ ಬಡಿದಟ್ಟುತ್ತದೆ. ಸದ್ದಿನ ಬಹುಪಾಲು ಆ ಬಡಿತದ್ದು, ಲಾಳಿ ಪೆಟ್ಟಿಗೆಗೆ ಬಂದು ಗುದ್ದುವುದರದ್ದು. ಲಾಳಿ ಮಗ್ಗಗಳ ಕೋಣೆಯಲ್ಲಿ 95ರಿಂದ 100 ಡೆಸಿಬಲ್ ಮಾಮೂಲು. ಗಾರೆ ಗೋಡೆ, ತಾರಸಿ ಅದನ್ನು ಇನ್ನೂ ಕೂಡಿಸಿ ಹಿಂತಿರುಗಿಸುತ್ತವೆ. ಕಿವಿಗೆ ಹತ್ತಿ ತುರುಕಿಕೊಂಡರೆ ತಡೆಯುವುದು ಬಹಳ ಕಡಿಮೆ. ಸರಿಯಾದ ಪ್ಲಗ್ ಕೊಟ್ಟರೂ ನೇಕಾರರು ಒಲ್ಲೆ ಎನ್ನುವುದುಂಟು. ಮಗ್ಗ ಕೆಟ್ಟದ್ದನ್ನು, ಎಳೆ ಹರಿದದ್ದನ್ನು ಅವರು ಮೊದಲು ತಿಳಿಯುವುದು ಕಿವಿಯಿಂದಲೇ. ಅದನ್ನು ಅಜ್ಞಾನ ಎನ್ನುವ ಅಧಿಕಾರಿ ಮಗ್ಗದ ಮುಂದೆ ಒಂದು ಪಾಳಿ ನಿಂತವನಲ್ಲ.

ಹಾನಿ ಮೊದಲು ತಗಲುವುದು 4000 ಹರ್ಟ್ಸ್ ಸುತ್ತ. ಸ್ವರಗಳು ಕೇಳುತ್ತಲೇ ಇರುತ್ತವೆ, ವ್ಯಂಜನಗಳು ಕೈಕೊಡುತ್ತವೆ. ‘ಕಾಸು’ ಎಂದರೋ ‘ತಾಸು’ ಎಂದರೋ ತಿಳಿಯದೆ ನೇಕಾರ ಮನೆಯವರನ್ನು ಎರಡು ಸಲ ಕೇಳುತ್ತಾನೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದನ್ನೆಲ್ಲ ಕನ್ನಡದ್ದೇ ಪದಪಟ್ಟಿಯಿಂದ ಪರೀಕ್ಷಿಸಬಲ್ಲದು. ಸದ್ದಿನಿಂದಾದ ಕಿವುಡು ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ರೋಗವೂ ಆಗಿತ್ತು. ಆದರೆ ಕಾಯ್ದೆ ಶುರುವಾಗುತ್ತಿದ್ದುದು ಕರೆಂಟಿದ್ದರೆ ಹತ್ತು ಜನರಿಂದ, ಇಲ್ಲದಿದ್ದರೆ ಇಪ್ಪತ್ತರಿಂದ. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ‘ಕಾರ್ಖಾನೆ’ ಎನಿಸಿಕೊಳ್ಳಲು ಆ ಅಂಕಿಗಳು ಇಪ್ಪತ್ತು ಮತ್ತು ನಲವತ್ತು. ನಗರದ ಸದ್ದಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, 2000ದ ನಿಯಮಗಳಿವೆ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂಬ ಮಿತಿ ಇದೆ. ಅವು ಕಾಯುವುದು ನೆರೆಮನೆಯವರ ಕಿವಿಯನ್ನು.

ಬೆಳಕಿನ ಮಟ್ಟಿಗೆ ಕಾನೂನಿಲ್ಲದೆಯೂ ಪೇಟೆ ತಕ್ಕಮಟ್ಟಿಗೆ ಸುಧಾರಿಸಿಕೊಂಡಿದೆ. ಎಲ್‌ಇಡಿ ಅಗ್ಗವಾಯಿತು, ಎಳೆ ಕಾಣದಿದ್ದರೆ ಸೀರೆಯಲ್ಲಿ ದೋಷ ಉಳಿದು ಮಾಲೀಕನಿಗೇ ನಷ್ಟ, ಹಾಗಾಗಿ ದೀಪ ಬಂತು. ಕಿವಿ ಹೋದರೆ ಸೀರೆಯಲ್ಲಿ ಏನೂ ಕಾಣುವುದಿಲ್ಲ. ಸದ್ದನ್ನು ಅಂದಾಜು ಮಾಡಲು ಈಗ ಮೊಬೈಲ್ ಆ್ಯಪ್ ಇದೆ, ಅದೂ ಬೇಡವೆಂದರೆ ಕೈಯಳತೆಯ ದೂರದಲ್ಲಿರುವವರೊಂದಿಗೆ ಕೂಗಿ ಮಾತಾಡಬೇಕಾದರೆ 85 ದಾಟಿದೆ ಎಂದು ತಿಳಿಯಬಹುದು. ಅಳೆದ ಮೇಲೆ ಅಂಕಿಯನ್ನು ಯಾರ ಮುಂದೆ ಇಡುವುದು ಎಂಬಲ್ಲಿ ದಾರಿ ನಿಲ್ಲುತ್ತದೆ. ಸೀರೆಗಿಷ್ಟು ಎಂದು ಮಜೂರಿ ಪಡೆಯುವ ನೇಕಾರನಿಗೆ ಹಾಜರಿ ಪುಸ್ತಕವಿಲ್ಲ, ಇಎಸ್‌ಐ ಕಾರ್ಡಿಲ್ಲ. ನೂಲು ಕೊಡುವ ಸಾಹುಕಾರ ಒಬ್ಬ, ಮಗ್ಗದ ಒಡೆಯ ಇನ್ನೊಬ್ಬ, ಎಷ್ಟೋ ಸಲ ಮಗ್ಗದ ಒಡೆಯ ಆ ನೇಕಾರನೇ.