ಸೈಟು ಕೊಳ್ಳೋ ಮುಂಚೆ ಮಂಜೂರಾತಿ ಕಡತ ನೋಡಿ



"ಅಣ್ಣ, ಸೈಟ್ ತಗೋತಿದೀನಿ. ಇಸಿ ಸರಿಯಾಗಿದೆ, ಖಾತೆ ಇದೆ, ಇನ್ನೇನು ನೋಡ್ಬೇಕು?" ಅಂತ ಆಫೀಸಿನ ಹುಡುಗರು ಕೇಳ್ತಿರ್ತಾರೆ. ನಾನು ತಿರುಗಿ ಕೇಳೋದು ಒಂದೇ: ಈ ಜಮೀನು ಮೊದಲು ಯಾರಿಗೆ ಮಂಜೂರಾಗಿತ್ತು?

ಈ ಪ್ರಶ್ನೆಗೊಂದು ಇತಿಹಾಸ ಇದೆ. ಸರ್ಕಾರ ನಮ್ಮವರಿಗೆ ಭೂಮಿ ಮಂಜೂರು ಮಾಡಿದಾಗ ಇಂತಿಷ್ಟು ವರ್ಷ ಮಾರಬಾರದು ಅಂತ ಷರತ್ತು ಹಾಕ್ತಿತ್ತು. ಆದರೂ ಮದುವೆ, ಕಾಯಿಲೆ, ಸಾಲ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡವರ ಪಾಲಾಯಿತು. ಅದಕ್ಕೇ ದೇವರಾಜ ಅರಸು ಕಾಲದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬಂತು. ಜಾರಿಯಾದದ್ದು 1979ರ ಜನವರಿ 1ರಿಂದ. ಅಂದಿನಿಂದ ಇಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ರೆ ಉಪವಿಭಾಗಾಧಿಕಾರಿ ಮೂಲ ಮಂಜೂರುದಾರರಿಗೆ ವಾಪಸ್ ಕೊಡಿಸಬಹುದು.

1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ತೀರಾ ತಡವಾಗಿ ಹಾಕಿದ ಅರ್ಜಿ ನಿಲ್ಲಲ್ಲ ಅಂದಿತು. ಬೀದಿಯಲ್ಲಿ ಕೂತು ಹೋರಾಡಿದ ಮೇಲೆ, 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ಬಂತು. ಅದರ ಮೇಲೂ ಕೋರ್ಟಲ್ಲಿ ವಾದ ನಿಂತಿಲ್ಲ.

ಇಸಿಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ, ಮಂಜೂರಾತಿಯ ಷರತ್ತು ಅಲ್ಲ. ಹಾಗಾಗಿ ತಾಲ್ಲೂಕು ಕಚೇರಿಯಿಂದ ಮಂಜೂರಾತಿ ಆದೇಶ, ಮ್ಯುಟೇಷನ್, ಹಳೇ ಪಹಣಿಗಳ ನಕಲು ತೆಗೆಸಿ. ಅನುಮತಿ ಪತ್ರ ಇಲ್ಲ ಅಂದ್ರೆ ಮುಂಗಡ ಕೊಡಬೇಡಿ.

ಆ ಕಡತದಲ್ಲಿ ನಿಮ್ಮಜ್ಜನ ಹೆಸರೇ ಸಿಕ್ಕರೆ? ಇವತ್ತೇ ಅರ್ಜಿ ಹಾಕಿ. ತಡ ಮಾಡಬೇಡಿ.

ಜೈ ಭೀಮ್.