ಯಂತ್ರಸಂಗೀತದ ಪದಗಳು ಬಂದ ದಾರಿ

‘ನಿಮಿಷಕ್ಕೆ 90 ಬೀಟ್, ಬೆಚ್ಚನೆಯ ಟಿಂಬರ್, ಹೆಚ್ಚು ರಿವರ್ಬ್, ಜೊತೆಗೆ ಮೃದಂಗ.’ ಇಷ್ಟು ಬರೆದರೆ ಸಂಗೀತ ಹೊಸೆದು ಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ನೀವು ಬಳಸಿರಬಹುದು. ಪ್ರಾಂಪ್ಟ್ ಎಂಬ ಈ ಸೂಚನಾವಾಕ್ಯ ಹೊಸದು. ಅದರೊಳಗಿನ ಪದಗಳು ಹಳೆಯವು. ಅವುಗಳಲ್ಲಿ ಕೆಲವು ಭೌತವಿಜ್ಞಾನದ ಪ್ರಯೋಗಾಲಯವನ್ನು ಹಾದು ಬಂದಿವೆ.

ಯೂರೋಪಿನಲ್ಲಿ ಹಾಡಿನ ವೇಗವನ್ನು ಬಹುಕಾಲ ‘ಅಲೆಗ್ರೋ’, ‘ಅಡಾಜಿಯೋ’ ಮುಂತಾದ ಇಟಾಲಿಯನ್ ಪದಗಳಿಂದಲೇ ಸೂಚಿಸುತ್ತಿದ್ದರು. ನಿಖರವಾಗಿ ಎಷ್ಟು ವೇಗ ಎಂಬುದು ವಾದಕನಿಗೆ ಬಿಟ್ಟ ವಿಷಯ. ಆಮ್‌ಸ್ಟರ್‌ಡ್ಯಾಮಿನ ವಿಂಕಲ್ 1814ರಲ್ಲಿ, ಆಧಾರಬಿಂದುವಿನ ಎರಡೂ ಕಡೆ ತೂಕವಿರುವ ಲೋಲಕವೊಂದನ್ನು ರೂಪಿಸಿದ. ಮೆಲ್ಝೆಲ್ ಅದಕ್ಕೆ ಅಳತೆಪಟ್ಟಿ ಸೇರಿಸಿ 1815ರಲ್ಲಿ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆದ. ಅದೇ ಮೆಟ್ರೊನೋಮ್. (ಮೂಲ ಉಪಾಯ ಕಂಡವನು ಮರೆತುಹೋಗುವುದು ವಿಜ್ಞಾನ ಚರಿತ್ರೆಯಲ್ಲಿ ಅಪರೂಪವೇನಲ್ಲ.) 1817ರಲ್ಲಿ ಬೀಥೋವನ್ ತನ್ನ ಎಂಟು ಸಿಂಫನಿಗಳಿಗೆ ಅದರ ಸಂಖ್ಯೆಗಳನ್ನು ಪ್ರಕಟಿಸಿದ.

ರಿವರ್ಬ್, ಅಂದರೆ ಅನುರಣನದ ಕಥೆ ಇನ್ನೂ ಸ್ವಾರಸ್ಯಕರ. 1895ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ಹಿಂದಿನ ಮಾತು ಅಡಗುವ ಮೊದಲೇ ಮುಂದಿನದು! ಅದನ್ನು ಸರಿಪಡಿಸುವ ಕೆಲಸ ಯುವ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಪಾಲಿಗೆ ಬಂತು. ಆತ ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ಕೊಳವೆ ಊದಿಸಿ, ನೆರೆಯ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತಂದು ಹರಡಿ, ಸದ್ದು ಅಡಗುವ ಕಾಲವನ್ನು ಅಳೆದ. ದಿಂಬು ಹೆಚ್ಚಿದಂತೆ ಕಾಲ ಕಡಿಮೆಯಾಯಿತು. ಸದ್ದಿನ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾಗುವ ಕಾಲವೇ ಅನುರಣನ ಕಾಲ. ಕೋಣೆಯ ಗಾತ್ರವನ್ನು ಅದರ ಒಟ್ಟು ಹೀರಿಕೆಯಿಂದ ಭಾಗಿಸಿ 0.16ರಿಂದ ಗುಣಿಸಿದರೆ ಅದು ಸೆಕೆಂಡುಗಳಲ್ಲಿ ದೊರೆಯುತ್ತದೆ. ನಿಮ್ಮ ತರಗತಿ 320 ಘನಮೀಟರ್, ಹೀರಿಕೆ 50 ಚದರ ಮೀಟರ್ ಇದ್ದರೆ ಸುಮಾರು ಒಂದು ಸೆಕೆಂಡ್. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಸೂತ್ರದ ನೆರವಿನಿಂದಲೇ ರೂಪುಗೊಂಡಿತು.

ಟಿಂಬರ್ ಎಂದರೆ ನಾದಗುಣ. ಅದು ಉಪಸ್ವರಗಳ ಬೆರಕೆಯನ್ನು ಅವಲಂಬಿಸಿದೆ ಎಂದು ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ನಿರೂಪಿಸಿದ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಪೂರ್ಣಾಂಕ ಅನುಪಾತದಲ್ಲಿರುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆ ಅವನ್ನು ಆ ಅನುಪಾತಕ್ಕೆ ತರುತ್ತದೆಂದು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ವರದಿ ಮಾಡಿದರು. ಆದರೆ ‘ಬೆಚ್ಚನೆಯ’ ಎಂಬುದಕ್ಕೆ ಏಕಮಾನವಿಲ್ಲ.

ಯಂತ್ರಕ್ಕೆ ಈ ಭೇದ ತಿಳಿದಿದೆಯೇ? ಗೂಗಲ್ 2023ರ ಜನವರಿಯಲ್ಲಿ ಪ್ರಕಟಿಸಿದ ಮ್ಯೂಸಿಕ್‌ಎಲ್‌ಎಂ ಮಾದರಿಯನ್ನೇ ನೋಡಿ. ಅದು ಪದದ ಅರ್ಥವನ್ನು ಕಲಿತದ್ದು ಸೂತ್ರದಿಂದಲ್ಲ. ಧ್ವನಿಮುದ್ರಿಕೆಗಳ ಜೊತೆಗಿದ್ದ ಬರಹದಿಂದ. ಅದನ್ನು ಪರೀಕ್ಷಿಸಲು ಬಳಸಿದ 5,521 ತುಣುಕುಗಳ ವಿವರಣೆಗಳನ್ನು ಬರೆದವರೂ ಸಂಗೀತಗಾರರೇ, ಕಿವಿಗೆ ಕೇಳಿದಂತೆ. ಹೀಗೆ ಕಲಿತ ಮಾದರಿಗೆ ‘90’ ಲೋಲಕದ ಅಳತೆಯಲ್ಲ, ‘ಬೆಚ್ಚನೆಯ’ ಎಂಬಂತೆ ಅದೂ ಒಂದು ಪದ.

ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಬರಿಯ ಸೂಚನಾವಾಕ್ಯದಲ್ಲಿ 90 ಬೀಟ್ ಕೇಳಿ ಐದು ಹಾಡುಗಳನ್ನು ಪಡೆಯಿರಿ. ಗಡಿಯಾರ ಹಿಡಿದು ಒಂದೊಂದರ ಬೀಟ್‌ಗಳನ್ನೂ ಪೂರ್ತಿ ಒಂದು ನಿಮಿಷ ಎಣಿಸಿ, 90ರಿಂದ ಎಷ್ಟು ವ್ಯತ್ಯಾಸವಿದೆ ಎಂದು ಪಟ್ಟಿ ಮಾಡಿ.